ಗುರುವಾರದ ಗಂಟೆಗಳು ಎಲ್ಲಿ ಹೋದವು? ಡಿಗ್ರಿ ಅಪ್ರೆಂಟಿಸ್ ಮಗಳ ಬಗ್ಗೆ ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ನಾವು ಮೈಸೂರಿನವರು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇದ್ದೇವೆ, ಇಲ್ಲೇ ಕಾಯಂ ಆಗಿ ಇರಲು ಅನುಮತಿಯೂ ಸಿಕ್ಕಿದೆ. ಮಗಳಿಗೆ 20 ವರ್ಷ. ಎ ಲೆವೆಲ್ (ನಮ್ಮ ಪಿಯುಸಿ ಥರ) ಮುಗಿಸಿ 2023ರ ಸೆಪ್ಟೆಂಬರ್‌ನಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಗೆ ಡಿಗ್ರಿ ಅಪ್ರೆಂಟಿಸ್ ಆಗಿ ಸೇರಿದಳು. ನಾಲ್ಕು ದಿನ ಕಾರ್ಖಾನೆ, ಗುರುವಾರ ಯೂನಿವರ್ಸಿಟಿ. ಈಗ ಮೂರನೇ ವರ್ಷ. ಮೊದಲ ವರ್ಷ ತುಂಬಾ ಖುಷಿಯಾಗಿದ್ದಳು. ಈಗ ದಿನಾ ರಾತ್ರಿ ಒಂದು ಗಂಟೆವರೆಗೆ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾಳೆ, ಬೆಳಗ್ಗೆ ಆರೂವರೆಗೆ ಕೆಲಸಕ್ಕೆ ಹೊರಡುತ್ತಾಳೆ. ಕ್ಲಾಸಿನಲ್ಲಿ ಇದ್ದಾಗಲೂ ಮ್ಯಾನೇಜರ್ ಮೆಸೇಜ್ ಬರುತ್ತಲೇ ಇರುತ್ತದೆ. ಥರ್ಮೋಡೈನಾಮಿಕ್ಸ್‌ನಲ್ಲಿ 42 ಬಂತು. ಮೊನ್ನೆ 'ಇದನ್ನು ಬಿಟ್ಟು ಎಲ್ಲರ ಹಾಗೆ ಫುಲ್ ಟೈಮ್ ಓದ್ತೀನಿ' ಅಂದಳು. ಮಧ್ಯದಲ್ಲಿ ಬಿಟ್ಟರೆ ಕಂಪನಿ ಕಟ್ಟಿದ ಫೀಸೆಲ್ಲ ವಾಪಸ್ ಕೇಳುತ್ತದೆ ಅಂತ ನಮ್ಮ ಯಜಮಾನರು ಹೆದರಿದ್ದಾರೆ. ಊರಿನಿಂದ ಅತ್ತೆ ಫೋನ್ ಮಾಡಿ 'ಅಪ್ರೆಂಟಿಸ್ ಅಂದ್ರೆ ನಮ್ಮ ಐಟಿಐ ಹುಡುಗರ ಥರಾನಾ?' ಅಂತ ಕೇಳಿದ್ದು ಮಗಳ ಕಿವಿಗೂ ಬಿತ್ತು. ಅವಳಿಗೆ ಶಕ್ತಿ ಸಾಲುತ್ತಿಲ್ಲವಾ? ಈ ಡಿಗ್ರಿಗೆ ನಿಜವಾಗಿ ಬೆಲೆ ಇದೆಯಾ? ಬಿಡಿಸಲಾ, ಮುಂದುವರಿಸಲಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಮೂರ್ನಾಲ್ಕು ಇವೆ. ನನಗೆ ಮುಖ್ಯವಾಗಿ ಕಂಡಿದ್ದು ಮಾತ್ರ ನೀವು ಪ್ರಶ್ನೆಯಾಗಿ ಕೇಳದ ಒಂದು ಸಾಲು: 'ಕ್ಲಾಸಿನಲ್ಲಿ ಇದ್ದಾಗಲೂ ಮ್ಯಾನೇಜರ್ ಮೆಸೇಜ್ ಬರುತ್ತಲೇ ಇರುತ್ತದೆ.' ಅದಕ್ಕೆ ಮುಂದೆ ಬರುತ್ತೇನೆ. ಶಕ್ತಿ ಸಾಲುತ್ತಿಲ್ಲವಾ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನನ್ನ ಬಗ್ಗೆ ಎರಡು ಮಾತು. ನಾನು ದಾವಣಗೆರೆ ಕಡೆಯವನು. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಹಗಲು ಕೆಲಸ, ರಾತ್ರಿ ಸಂಜೆ ಕಾಲೇಜು ಅಂತ ಬಿ.ಇ. ಮಾಡಿದವನು. ಇಪ್ಪತ್ತು ವರ್ಷದಿಂದ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಇದ್ದೇನೆ. 2016ರಿಂದ ಡಿಗ್ರಿ ಅಪ್ರೆಂಟಿಸ್‌ಗಳಿಗೆ ಕಂಪನಿ ಕಡೆಯ ಮೆಂಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ಮೂರನೇ ವರ್ಷದಲ್ಲಿ 'ಬಿಟ್ಟುಬಿಡ್ತೀನಿ' ಅಂತ ನನ್ನ ಮುಂದೆ ಕೂತ ಮಕ್ಕಳು ಒಬ್ಬಿಬ್ಬರಲ್ಲ. ಅವರಲ್ಲಿ ಓದಲು ಆಗದವರು ತೀರಾ ಕಡಿಮೆ. ಓದುವ ಹೊತ್ತನ್ನು ಕಳೆದುಕೊಂಡವರೇ ಜಾಸ್ತಿ.

ಮೊದಲು ನಿಮ್ಮ ಅತ್ತೆಯವರ ಪ್ರಶ್ನೆ ಮುಗಿಸಿಬಿಡೋಣ. ಅವರು ಕೆಟ್ಟ ಮನಸ್ಸಿನಿಂದ ಕೇಳಿರಲಿಕ್ಕಿಲ್ಲ. ನಮ್ಮ ಕಡೆ ಅಪ್ರೆಂಟಿಸ್ ಅಂದರೆ ಎಲ್ಲರಿಗೂ ನೆನಪಾಗುವುದು 1961ರ ಅಪ್ರೆಂಟಿಸ್ ಕಾಯ್ದೆ. ಅದರ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕ ಅಲ್ಲ. ಅವನಿಗೆ ಸ್ಟೈಪೆಂಡ್ ಕೊಡುತ್ತಾರೆ, ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಿಲ್ಲ. ಇಲ್ಲಿ ಹಾಗಲ್ಲ. ನಿಮ್ಮ ಮಗಳು ಮೊದಲ ದಿನದಿಂದಲೇ ಆ ಕಂಪನಿಯ ನೌಕರಳು. ಅವಳಿಗೆ ಸಂಬಳ ಇದೆ, ಸಂಬಳ ಸಹಿತ ರಜೆ ಇದೆ, ಪಕ್ಕದ ಮೇಜಿನ ಇಂಜಿನಿಯರ್‌ಗೆ ಇರುವ ಕಾನೂನಿನ ರಕ್ಷಣೆಯೂ ಇದೆ. ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾದದ್ದು 2015ರಲ್ಲಿ. ಕೊನೆಗೆ ಅವಳ ಕೈಗೆ ಬರುವುದು ಯೂನಿವರ್ಸಿಟಿ ಕೊಡುವ ಆನರ್ಸ್ ಪದವಿ, ಅಂದರೆ ಲೆವೆಲ್ 6. ಮೂರು ವರ್ಷ ಕ್ಯಾಂಪಸ್‌ನಲ್ಲಿ ಕೂತು ಓದಿದವರ ಪದವಿಯೂ ಅದೇ ಲೆವೆಲ್. ಜೊತೆಗೆ ನಾಲ್ಕೈದು ವರ್ಷದ ಕೆಲಸದ ಅನುಭವ ಇರುತ್ತದೆ. ಇನ್‌ಕಾರ್ಪೊರೇಟೆಡ್ ಇಂಜಿನಿಯರ್ ಅಂತ ವೃತ್ತಿಪರ ನೋಂದಣಿ ಮಾಡಿಸುವಾಗ ಈ ಅನುಭವ ದೊಡ್ಡ ಆಸರೆ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ಐಟಿಐ ಹುಡುಗರ ಥರ ಅನ್ನುವುದು ಬೈಗುಳ ಅಲ್ಲ. ಲೇತ್ ಮುಂದೆ ನಿಂತು ಕಿವಿಯಲ್ಲೇ ಟೂಲ್ ಸವೆದದ್ದನ್ನು ಹೇಳುವ ಐಟಿಐ ಹುಡುಗರಿಂದ ನಾನು ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ. ಇದನ್ನು ಮಗಳಿಗೂ ಹೇಳಿ.

ಮುಂದೆ ಅವಳು ಬೆಂಗಳೂರಿಗೆ ಹೋಗಿ ಕೆಲಸ ಮಾಡುತ್ತೇನೆ ಅಂದರೆ? ಖಾಸಗಿ ಕಂಪನಿಗಳು ಸಾಮಾನ್ಯವಾಗಿ ಅನುಭವ ಮತ್ತು ಪದವಿ ನೋಡುತ್ತವೆ, ಅಲ್ಲಿ ತೊಂದರೆ ಕಡಿಮೆ. ಆದರೆ 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ಒಪ್ಪಂದ ಮಾಡಿಕೊಂಡಾಗ ಇಂಜಿನಿಯರಿಂಗ್, ವೈದ್ಯಕೀಯದಂಥ ವೃತ್ತಿಪರ ಪದವಿಗಳನ್ನು ಹೊರಗಿಟ್ಟರು. ಹಾಗಾಗಿ ಸರ್ಕಾರಿ ಕೆಲಸದ ಆಸೆ ಇದ್ದರೆ ತತ್ಸಮಾನ ಪತ್ರದ ಕೆಲಸ ಬೇರೆ ಮಾಡಿಸಬೇಕಾಗುತ್ತದೆ. ಇಲ್ಲಿ ಫುಲ್ ಟೈಮ್ ಓದಿದವರಿಗೂ ಇದೇ ಕಥೆ. ಅಪ್ರೆಂಟಿಸ್ ಆದದ್ದಕ್ಕೆ ಬಂದ ತೊಡಕಲ್ಲ.

ಇನ್ನು ನಿಮ್ಮ ಯಜಮಾನರ ಹೆದರಿಕೆ. ನಮ್ಮ ದೇಶದ 'ಬಾಂಡ್' ಪದ್ಧತಿ ನೋಡಿದವರಿಗೆ ಈ ಭಯ ಸಹಜ. ಇಲ್ಲಿಯ ಅಪ್ರೆಂಟಿಸ್‌ಶಿಪ್ ಹಣದ ನಿಯಮ ಸ್ಪಷ್ಟವಾಗಿದೆ. ತರಬೇತಿ ಮತ್ತು ಪರೀಕ್ಷೆಯ ಖರ್ಚನ್ನು ಅಪ್ರೆಂಟಿಸ್ ಕೈಯಿಂದ ತೆಗೆದುಕೊಳ್ಳುವಂತಿಲ್ಲ. ಮುಗಿಸಿದರೂ ಇಲ್ಲ, ಮಧ್ಯದಲ್ಲಿ ಬಿಟ್ಟರೂ ಇಲ್ಲ. ಹಾಗಾಗಿ ಯೂನಿವರ್ಸಿಟಿ ಫೀಸ್ ವಾಪಸ್ ಕೊಡಬೇಕಾದೀತು ಅನ್ನುವ ಭಯ ಬಿಡಿ. ಊರು ಬದಲಿಸಲು ಕೊಟ್ಟ ಭತ್ಯೆಯಂಥ ಬೇರೆ ಹಣ ಏನಾದರೂ ಇದ್ದರೆ ಅದಕ್ಕೆ ಬೇರೆ ಕರಾರು ಇರಬಹುದು. ಅದಕ್ಕಾಗಿ ಒಮ್ಮೆ ಅವಳ ಕೆಲಸದ ಒಪ್ಪಂದ ತೆಗೆದು ಕೂತು ಓದಿ.

ಈಗ ಆ ಮೆಸೇಜ್‌ಗಳ ವಿಷಯಕ್ಕೆ ಬರುತ್ತೇನೆ.

ಅಪ್ರೆಂಟಿಸ್‌ನ ಕೆಲಸದ ಹೊತ್ತಿನೊಳಗೇ ಒಂದಿಷ್ಟು ಹೊತ್ತನ್ನು ಕಲಿಕೆಗಾಗಿ ತೆಗೆದಿಡಬೇಕು. ಇದಕ್ಕೆ ಇಲ್ಲಿ 'ಆಫ್ ದಿ ಜಾಬ್' ತರಬೇತಿ ಅನ್ನುತ್ತಾರೆ. 2025ರ ಆಗಸ್ಟ್‌ನಿಂದ ಸೇರಿದವರಿಗೆ ಒಂದೊಂದು ಕೋರ್ಸ್‌ಗೂ ಒಟ್ಟು ಇಷ್ಟು ಗಂಟೆ ಅನ್ನುವ ಲೆಕ್ಕ ಬಂದಿದೆ. ನಿಮ್ಮ ಮಗಳು 2023ರಲ್ಲಿ ಸೇರಿದ್ದರಿಂದ ಹಿಂದಿನ ನಿಯಮ: ವಾರಕ್ಕೆ ಸರಾಸರಿ ಕನಿಷ್ಠ 6 ಗಂಟೆ. ಇದು ಸಂಬಳದ ಹೊತ್ತಿನೊಳಗಿನ 6 ಗಂಟೆ. ಸಂಜೆಯದ್ದಲ್ಲ, ಭಾನುವಾರದ್ದಲ್ಲ. ಒಂದು ವೇಳೆ ಕೆಲಸದ ಹೊತ್ತಿನ ಆಚೆಗೆ ಈ ತರಬೇತಿ ಮಾಡಿಸಿದರೆ ಅಷ್ಟು ಹೊತ್ತು ಬೇರೆ ದಿನ ಬಿಡುವು ಕೊಡಬೇಕು, ಇಲ್ಲವೇ ಅದಕ್ಕೂ ದುಡ್ಡು ಕೊಡಬೇಕು.

'ಗುರುವಾರ ಪೂರ್ತಿ ಯೂನಿವರ್ಸಿಟಿಗೆ ಕಳಿಸ್ತಿದ್ದೀವಲ್ಲ, ಏಳು ಗಂಟೆ ಆಯ್ತಲ್ಲ' ಅಂತ ಮ್ಯಾನೇಜರ್‌ಗಳು ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ರಜೆ ಕಳೆದರೆ ವರ್ಷಕ್ಕೆ 46 ವಾರ ಚಿಲ್ಲರೆ ಕೆಲಸದ ವಾರಗಳು. ವಾರಕ್ಕೆ 6ರಂತೆ ವರ್ಷಕ್ಕೆ ಸುಮಾರು 278 ಗಂಟೆ. ಆದರೆ ಯೂನಿವರ್ಸಿಟಿ ವರ್ಷವಿಡೀ ನಡೆಯುವುದಿಲ್ಲ. ಪಾಠ ಇರುವುದು 24 ವಾರ ಅಂತಿಟ್ಟುಕೊಂಡರೆ 168 ಗಂಟೆ. ಉಳಿದ 110 ಗಂಟೆ ಎಲ್ಲಿ? ಬೇಸಿಗೆಯಲ್ಲಿ, ಕ್ರಿಸ್ಮಸ್ ಆಸುಪಾಸಿನಲ್ಲಿ, ಪರೀಕ್ಷೆಗೆ ಮುಂಚೆ, ಬೇರೆ ವಿಭಾಗದಲ್ಲಿ ಕೂತು ಹೊಸದನ್ನು ಕಲಿಯುವಾಗ, ಅಸೈನ್‌ಮೆಂಟ್ ಬರೆಯುವಾಗ ಅದು ಸಿಗಬೇಕಿತ್ತು. ಅಸೈನ್‌ಮೆಂಟ್ ಬರೆಯುವ ಹೊತ್ತೂ ಈ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಎಷ್ಟೋ ಮ್ಯಾನೇಜರ್‌ಗಳಿಗೇ ಗೊತ್ತಿಲ್ಲ.

ಅದರ ಮೇಲೆ ಆ ಗುರುವಾರವಾದರೂ ಪೂರ್ತಿ ಸಿಗುತ್ತಿದೆಯಾ? ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಒಬ್ಬ ಹುಡುಗ ಇದ್ದ. ಅವನದ್ದೂ ನಿಮ್ಮ ಮಗಳದ್ದೇ ಪರಿಸ್ಥಿತಿ. 'ನಾಳೆ ಗುರುವಾರ ಏನೇನಾಗುತ್ತೋ ಗಡಿಯಾರ ನೋಡಿ ಬರಿ, ಬೇರೇನೂ ಬೇಡ' ಅಂದೆ. ಶುಕ್ರವಾರ ಬೆಳಗ್ಗೆ ಕ್ಯಾಂಟೀನ್‌ನಲ್ಲಿ ಒಂದು ಹಾಳೆ ತಂದು ಮೇಜಿನ ಮೇಲಿಟ್ಟ. ಹೀಗಿತ್ತು:

9.10 ಹೀಟ್ ಟ್ರಾನ್ಸ್‌ಫರ್ ಕ್ಲಾಸ್ ಶುರು. 9.40 ಫಿಕ್ಸ್ಚರ್ ಡ್ರಾಯಿಂಗ್‌ನ ಹೊಸ ರಿವಿಷನ್ ಯಾವುದು ಅಂತ ಮೆಸೇಜ್. 9.55ಕ್ಕೆ ಹುಡುಕಿ ಕಳಿಸಿದೆ. 11.20 ಫೋನ್, ಹೊರಗೆ ಹೋದೆ. 11.50 ವಾಪಸ್ ಬಂದೆ, ಉದಾಹರಣೆ ಲೆಕ್ಕ ಮುಗಿದಿತ್ತು. 2.00 ಲ್ಯಾಬ್. 3.00 ಶುಕ್ರವಾರದ ಮೀಟಿಂಗ್‌ಗೆ ಸ್ಪ್ರೆಡ್‌ಶೀಟ್ ಬೇಕಂತೆ. ಹಿಂದಿನ ಬೆಂಚಿಗೆ ಹೋಗಿ ಮಾಡಿದೆ. 4.45 ಕಳಿಸಿದೆ.

ಕೂಡಿದರೆ ಎರಡೂವರೆ ಗಂಟೆ. ಅದಕ್ಕಿಂತ ಕೆಟ್ಟದ್ದು ಆ 'ಉದಾಹರಣೆ ಲೆಕ್ಕ ಮುಗಿದಿತ್ತು' ಅನ್ನುವ ಸಾಲು. ಮೂವತ್ತು ನಿಮಿಷದಲ್ಲಿ ತಪ್ಪಿದ ಆ ಲೆಕ್ಕವನ್ನು ರಾತ್ರಿ ಒಬ್ಬನೇ ಕೂತು ಅರ್ಥ ಮಾಡಿಕೊಳ್ಳಲು ಅವನಿಗೆ ಮೂರು ಗಂಟೆ ಹಿಡಿದಿತ್ತು. ರಾತ್ರಿ ಒಂದು ಗಂಟೆಯ ಲ್ಯಾಪ್‌ಟಾಪ್ ಬೆಳಕು ಬರುವುದು ಹೀಗೆ. ಆ ಹಾಳೆಯನ್ನು ಅವನ ಮ್ಯಾನೇಜರ್‌ಗೆ ತೋರಿಸಿದೆ. ಆತ ಒಳ್ಳೆಯ ಮನುಷ್ಯ. ಸುಮಾರು ಹೊತ್ತು ಹಾಳೆಯನ್ನೇ ನೋಡಿದ. 'ಎರಡು ನಿಮಿಷದ ಮೆಸೇಜ್ ಅಂದ್ಕೊಂಡಿದ್ದೆ' ಅಂದ. ಮುಂದಿನ ವಾರದಿಂದ ಗುರುವಾರ ಆ ಹುಡುಗನ ಹೆಸರಿನ ಮುಂದೆ 'ರಜೆಯಲ್ಲಿದ್ದಾರೆ' ಅಂತಲೇ ಬೋರ್ಡಿನಲ್ಲಿ ಬರೆಸಿದ.

ಮ್ಯಾನೇಜರ್‌ಗಳು ಬೇಕಂತಲೇ ಹೀಗೆ ಮಾಡುತ್ತಾರೆ ಅಂತ ನನಗೆ ಅನ್ನಿಸಿಲ್ಲ. ದೊಡ್ಡ ಕಂಪನಿಗಳಲ್ಲಿ ಕೋರ್ಸಿನ ಹಣ ಬರುವುದು 'ಲೆವಿ'ಯಿಂದ. ವರ್ಷದ ಸಂಬಳದ ಮೊತ್ತ 30 ಲಕ್ಷ ಪೌಂಡ್ ದಾಟಿದ ಕಂಪನಿ, ದಾಟಿದ ಭಾಗದ ಮೇಲೆ 0.5% ಕಟ್ಟಬೇಕು. 2017ರ ಏಪ್ರಿಲ್‌ನಿಂದ ಈ ಪದ್ಧತಿ ಇದೆ. ಆ ಹಣ ತರಬೇತಿಗೆ ಮಾತ್ರ, ಸಂಬಳಕ್ಕೆ ಬಳಸುವಂತಿಲ್ಲ. ಸಂಬಳ ಹೋಗುವುದು ಮ್ಯಾನೇಜರ್‌ನ ಬಜೆಟ್‌ನಿಂದ. ಅವನ ಪಟ್ಟಿಯಲ್ಲಿ ನಿಮ್ಮ ಮಗಳು ಪೂರ್ತಿ ಒಂದು ತಲೆ. ಒಬ್ಬಳೇ ನಿಭಾಯಿಸಬಲ್ಲಳು ಅಂತ ಗೊತ್ತಾದ ಮೇಲೆ ಕೆಲಸ ತಾನಾಗಿ ಅವಳ ಕಡೆ ಹರಿದು ಬರುತ್ತದೆ. ಮೊದಲ ವರ್ಷ ಖುಷಿಯಾಗಿದ್ದಳು ಅಂದಿರಲ್ಲ, ಆಗ ಅವಳಿಂದ ಯಾರಿಗೂ ಹೆಚ್ಚು ಕೆಲಸ ಆಗುತ್ತಿರಲಿಲ್ಲ. ಈಗ ಆಗುತ್ತಿದೆ. ಅದೇ ಹೊತ್ತಿಗೆ ಯೂನಿವರ್ಸಿಟಿಯ ವಿಷಯಗಳೂ ಗಟ್ಟಿಯಾದವು. ಎರಡು ಏರುಗಳು ಒಟ್ಟಿಗೆ ಬಂದವು. ಮೂರನೇ ವರ್ಷದಲ್ಲೇ ಮಕ್ಕಳು ಸುಸ್ತಾಗುವುದಕ್ಕೆ ನಾನು ಕಂಡ ಕಾರಣ ಇದು.

ಇನ್ನೊಂದು ಕಾರಣವೂ ಇದೆ. ಫುಲ್ ಟೈಮ್ ಓದುವವರು ಸೋಮವಾರದ ಪಾಠವನ್ನು ಬುಧವಾರ ಮತ್ತೆ ಮುಟ್ಟುತ್ತಾರೆ. ಇವಳಿಗೆ ಗುರುವಾರ ಕೇಳಿದ್ದು ಮುಂದಿನ ಗುರುವಾರವೇ. ನಡುವಿನ ಆರು ದಿನದಲ್ಲಿ ಅರ್ಧ ಮರೆತಿರುತ್ತದೆ. ಥರ್ಮೋಡೈನಾಮಿಕ್ಸ್‌ನಂಥ ವಿಷಯದಲ್ಲಿ ಎರಡನೇ ಪಾಠ ಮೊದಲನೆಯದರ ಹೆಗಲ ಮೇಲೆ ನಿಂತಿರುತ್ತದೆ. ಪಾಸಾಗಲು 40 ಸಾಕಾಗಿರುವಾಗ 42 ಬಂದದ್ದು ನೋಡಿ ಗಾಬರಿಯಾಗಬೇಡಿ. ಆದರೆ ಮುಂದಿನ ವಿಷಯಗಳು ಅದರ ಮೇಲೇ ಬರುತ್ತವೆ. ಹಾಗಾಗಿ ಸುಮ್ನೆ ಬಿಡುವಂಥದ್ದೂ ಅಲ್ಲ.

ಒಂದು ಮಾತನ್ನು ನೇರವಾಗಿ ಹೇಳಬೇಕು. ಎಲ್ಲ ಓದೂ ಕಂಪನಿಯ ಹೊತ್ತಿನಲ್ಲೇ ಮುಗಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆನರ್ಸ್ ಪದವಿ ಅಂದರೆ 360 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 10 ಗಂಟೆಯ ಕಲಿಕೆ ಅನ್ನುವುದು ಇಲ್ಲಿನ ಲೆಕ್ಕ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 90 ಕ್ರೆಡಿಟ್, 900 ಗಂಟೆ. ಅದರಲ್ಲಿ ಒಂದು ಭಾಗ ಕೆಲಸದ ಜಾಗದಲ್ಲೇ ಮಾಡುವ ಪ್ರಾಜೆಕ್ಟ್‌ಗಳಿಂದ ತುಂಬುತ್ತದೆ. ಆದರೂ ಸ್ವಂತ ಹೊತ್ತು ಬೇಕೇ ಬೇಕು. ನನ್ನ ಅನುಭವದಲ್ಲಿ ಪಾಠ ಇರುವ ವಾರಗಳಲ್ಲಿ ಎರಡು ಸಂಜೆ ಮತ್ತು ವಾರಾಂತ್ಯದಲ್ಲಿ ಅರ್ಧ ದಿನ, ಎಲ್ಲ ಸೇರಿ ಎಂಟು ಹತ್ತು ಗಂಟೆ ಕೂತವರು ಚೆನ್ನಾಗಿ ಮುಗಿಸಿದ್ದಾರೆ. ಅಷ್ಟು ಕೊಡಲು ಅವಳು ತಯಾರಿರಬೇಕು. ವಾರದ ಐದು ರಾತ್ರಿಯೂ ಒಂದು ಗಂಟೆವರೆಗೆ ಅಂದರೆ ಮಾತ್ರ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಸೋರಿಕೆ ನಿಲ್ಲಿಸುವುದು ಹೇಗೆ? ನಿಮ್ಮ ಮಗಳು ಸೇರುವಾಗ ಮೂರು ಸಹಿ ಇರುವ ಒಂದು ತರಬೇತಿ ಯೋಜನೆ ಆಗಿರುತ್ತದೆ. ಅವಳದ್ದು, ಕಂಪನಿಯದ್ದು, ಯೂನಿವರ್ಸಿಟಿಯದ್ದು. ಅದರಲ್ಲಿ ಆಫ್ ದಿ ಜಾಬ್ ಗಂಟೆ ಎಷ್ಟು ಅಂತ ಬರೆದಿರುತ್ತದೆ. ಅದನ್ನು ಹುಡುಕಿ ತೆಗೆಯಲಿ. ಆಮೇಲೆ ನಾಲ್ಕು ವಾರ, ನಮ್ಮ ಹುಡುಗ ಬರೆದ ಹಾಗೆ ಬರೆಯಲಿ. ಬೇಸರ, ದೂರು ಏನೂ ಬೇಡ. ಹೊತ್ತು ಮತ್ತು ಏನಾಯಿತು, ಅಷ್ಟೇ. ಸುಮಾರು 12 ವಾರಕ್ಕೊಮ್ಮೆ ಅವಳು, ಮ್ಯಾನೇಜರ್, ಯೂನಿವರ್ಸಿಟಿಯ ಕೋಚ್ ಮೂವರೂ ಕೂರುವ ಒಂದು ರಿವ್ಯೂ ಇರುತ್ತದೆ. ಹೆಚ್ಚಿನ ಮಕ್ಕಳು ಆ ಮೀಟಿಂಗ್‌ನಲ್ಲಿ 'ಎಲ್ಲ ಚೆನ್ನಾಗಿದೆ' ಅಂದು ಎದ್ದು ಬರುತ್ತಾರೆ. ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದು ಇನ್ನೂ ಕಷ್ಟ. ದೊಡ್ಡವರ ಮುಂದೆ 'ನನ್ನ ಕೈಲಿ ಆಗ್ತಿಲ್ಲ' ಅನ್ನುವುದನ್ನು ನಾವು ಕಲಿಸಿಲ್ಲ ಅಲ್ವಾ. ಹಾಗೆ ಅನ್ನುವ ಅಗತ್ಯವೂ ಇಲ್ಲ. 'ಯೋಜನೆಯಲ್ಲಿ ಇಷ್ಟು ಗಂಟೆ ಅಂತಿದೆ, ಈ ನಾಲ್ಕು ವಾರದಲ್ಲಿ ಸಿಕ್ಕಿದ್ದು ಇಷ್ಟು, ಉಳಿದದ್ದನ್ನು ಯಾವ ದಿನ ಹಾಕೋಣ?' ಅಂತ ಕೇಳಿದರೆ ಸಾಕು. ಲೆಕ್ಕದ ಮಾತಿಗೆ ಯಾರೂ ಮುನಿಸಿಕೊಳ್ಳುವುದಿಲ್ಲ. ಪೂರ್ತಿ ದಿನ ಕೊಡಲು ಆಗುವುದಿಲ್ಲ ಅಂದರೆ ವಾರಕ್ಕೆ ಒಂದು ಮಧ್ಯಾಹ್ನ ಎರಡು ಗಂಟೆ ಕೇಳಲಿ, ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರಲು. ತನ್ನ ಮೇಜಿನ ಮೇಲೆ ಕೂತು ಓದಿದರೆ ಅದು ಓದಾಗುವುದಿಲ್ಲ. ಅಲ್ಲಿ ಯಾರಾದರೂ ಬಂದು ಕರೆದೇ ಕರೆಯುತ್ತಾರೆ.

ಕೆಲಸ ಮತ್ತು ಓದನ್ನು ಎರಡು ಬೇರೆ ಡಬ್ಬಿಗಳ ಹಾಗೆ ಹೊತ್ತರೆ ಭಾರ ಜಾಸ್ತಿ. ನನ್ನ ಹತ್ತಿರ ಇದ್ದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. 100 ಮಿಲಿಮೀಟರ್ ವ್ಯಾಸದ ಒಂದು ಉಕ್ಕಿನ ಭಾಗ. ಮಷೀನ್ ಮೇಲೆ ಅಳೆದರೆ ಸರಿ, ಮರುದಿನ ಅಳತೆ ಕೋಣೆಯಲ್ಲಿ ಅಳೆದರೆ ಹತ್ತು ಹನ್ನೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಕಡಿಮೆ. ಈ ವ್ಯತ್ಯಾಸ ಮಧ್ಯಾಹ್ನದ ಪಾಳಿಯಲ್ಲಿ ಜಾಸ್ತಿ, ಬೆಳಗ್ಗೆ ಕಡಿಮೆ. ಆಪರೇಟರ್‌ದೇ ತಪ್ಪು ಅಂತ ಎಲ್ಲರೂ ತೀರ್ಮಾನ ಮಾಡಿದ್ದರು. ಈ ಹುಡುಗಿ ಒಂದು ಥರ್ಮೋಮೀಟರ್ ಹಿಡಿದು ಹೋಗಿ ಭಾಗದ ಬಿಸಿ ಅಳೆದಳು. ಅಳತೆ ಕೋಣೆಯದ್ದು 20 ಡಿಗ್ರಿ, ಮಷೀನಿನಿಂದ ಬಂದ ಭಾಗದ್ದು 30. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 100 ಮಿಲಿಮೀಟರ್‌ಗೆ ಹತ್ತು ಡಿಗ್ರಿ ಅಂದರೆ 12 ಮೈಕ್ರಾನ್. ಲೆಕ್ಕ ಅಲ್ಲೇ ಕೂತಿತು. ಲೋಹ ಕತ್ತರಿಸುವಾಗ ತಂಪು ಮಾಡಲು ಸುರಿಯುವ ಕೂಲಂಟ್‌ನ ಟ್ಯಾಂಕ್ ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗುತ್ತಿತ್ತು. ಕೋಚ್‌ನ ಒಪ್ಪಿಗೆ ಪಡೆದು, ಕಂಪನಿಯ ಅನುಮತಿಯಿಂದ ಭಾಗದ ಹೆಸರು ತೆಗೆದು, ಅದನ್ನೇ ಹೀಟ್ ಟ್ರಾನ್ಸ್‌ಫರ್ ಅಸೈನ್‌ಮೆಂಟ್ ಮಾಡಿದಳು. ಅದೇ ವರದಿ ಕೊನೆಯ ಮೌಲ್ಯಮಾಪನಕ್ಕೆ ಕೊಡುವ ಪೋರ್ಟ್‌ಫೋಲಿಯೊಗೂ, ಅಂದರೆ ಮಾಡಿದ ಕೆಲಸಗಳ ಕಡತಕ್ಕೂ, ಹೋಯಿತು. ಒಂದು ಕೆಲಸ, ಮೂರು ಕಡೆ ಲೆಕ್ಕ. ಆಪರೇಟರ್ ಮೇಲಿದ್ದ ಅಪವಾದವೂ ಹೋಯಿತು. ಅವನು ಅವಳಿಗೆ ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟಿದ್ದು ನನಗೆ ಇನ್ನೂ ನೆನಪಿದೆ.

ಪೋರ್ಟ್‌ಫೋಲಿಯೊ ಮಾತು ಬಂತಲ್ಲ, ಅದನ್ನು ಕೊನೆಯ ವರ್ಷಕ್ಕೆ ಬಿಡುವುದು ದೊಡ್ಡ ತಪ್ಪು. ಎಷ್ಟೋ ಕೋರ್ಸ್‌ಗಳಲ್ಲಿ ಡಿಗ್ರಿ ಬೇರೆ, ಅಪ್ರೆಂಟಿಸ್‌ಶಿಪ್‌ನ ಕೊನೆಯ ಮೌಲ್ಯಮಾಪನ ಬೇರೆ. ತಿಂಗಳಿಗೊಂದು ಪುಟ, ಎರಡು ಫೋಟೊ, ನಾನು ಏನು ಮಾಡಿದೆ ಅನ್ನುವ ನಾಲ್ಕು ಸಾಲು ಸೇರಿಸುತ್ತಾ ಹೋದರೆ ಕೊನೆಗೆ ಭಾರ ಇರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಆಗಲಿಲ್ಲ ಅಂದರೆ ದಾರಿಗಳಿವೆ. ಒಂದೊಂದರಲ್ಲೂ ಒಂದೊಂದು ಅಪಾಯ ಇದೆ.

ಸ್ವಲ್ಪ ನಿಲ್ಲಬಹುದು. ಇದಕ್ಕೆ 'ಬ್ರೇಕ್ ಇನ್ ಲರ್ನಿಂಗ್' ಅನ್ನುತ್ತಾರೆ. ಆರೋಗ್ಯ ಅಥವಾ ಮನೆಯ ಕಾರಣಕ್ಕೆ ಅಪ್ರೆಂಟಿಸ್ ತಾನೇ ಕೇಳಿ ಓದನ್ನು ಕೆಲವು ತಿಂಗಳು ನಿಲ್ಲಿಸಿ ಮತ್ತೆ ಸೇರಬಹುದು. ಒಳ್ಳೆಯ ಅನುಕೂಲ. ಆದರೆ ವಾಪಸ್ ಬಂದಾಗ ಜೊತೆಗಿದ್ದವರು ಮುಂದೆ ಹೋಗಿರುತ್ತಾರೆ, ವಿಷಯಗಳು ಬದಲಾಗಿರಬಹುದು. ಗುರುವಾರವೂ ಕೆಲಸಕ್ಕೆ ಹೋಗುವ ಅಭ್ಯಾಸ ಬಿದ್ದರೆ ಮ್ಯಾನೇಜರ್‌ಗೂ ಅದೇ ರೂಢಿಯಾಗುತ್ತದೆ. ವಾಪಸ್ ಬರುವ ತಾರೀಕನ್ನು ನಿಲ್ಲಿಸುವ ದಿನವೇ ಬರೆಸಿಕೊಳ್ಳಬೇಕು.

ಅದೇ ಕಂಪನಿಯಲ್ಲಿ ವಿಭಾಗ ಬದಲಿಸಲು ಕೇಳಬಹುದು. ನನ್ನ ಮಟ್ಟಿಗೆ ಇದು ಜನ ಯೋಚನೆಯನ್ನೇ ಮಾಡದ ದಾರಿ. ಉತ್ಪಾದನೆಯ ಲೈನ್‌ನಲ್ಲಿ ದಿನದ ಒತ್ತಡ ಜಾಸ್ತಿ. ಡಿಸೈನ್ ಅಥವಾ ಟೆಸ್ಟಿಂಗ್ ವಿಭಾಗದಲ್ಲಿ ಆರು ತಿಂಗಳು ಕಳೆದರೆ ಉಸಿರಾಡಲು ಜಾಗ ಸಿಗುತ್ತದೆ, ಕಲಿಕೆಯೂ ಹೊಸದು. ಬೇರೆ ಕಂಪನಿಗೆ ಹೋಗಿ ಅದೇ ಕೋರ್ಸ್ ಮುಂದುವರಿಸುವುದೂ ಉಂಟು. ಅದಕ್ಕೆ ಹೊಸ ಕಂಪನಿ ಒಪ್ಪಬೇಕು, ಯೂನಿವರ್ಸಿಟಿ ಒಪ್ಪಬೇಕು, ಮಾಡುವ ಕೆಲಸ ಕೋರ್ಸಿಗೆ ಹೊಂದಬೇಕು. ಅದು ಕೈಗೆ ಬರುವ ಮುಂಚೆ ರಾಜೀನಾಮೆ ಕೊಡುವುದು ಬೇಡವೇ ಬೇಡ.

ಕೊನೆಯದು ಅವಳು ಹೇಳುತ್ತಿರುವ ದಾರಿ, ಫುಲ್ ಟೈಮ್ ಓದು. ಇದರಲ್ಲಿ ಅವಮಾನ ಏನೂ ಇಲ್ಲ. ಅವಳು ಪಾಸಾದ ಕ್ರೆಡಿಟ್‌ಗಳು ಅವಳವೇ, ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಹೊಸ ಯೂನಿವರ್ಸಿಟಿ ಅದರಲ್ಲಿ ಎಷ್ಟನ್ನು ಒಪ್ಪುತ್ತದೆ, ಯಾವ ವರ್ಷಕ್ಕೆ ಸೇರಿಸಿಕೊಳ್ಳುತ್ತದೆ ಅನ್ನುವುದು ಅವರ ತೀರ್ಮಾನ. ಅದನ್ನು ಬರವಣಿಗೆಯಲ್ಲಿ ಪಡೆಯದೆ ಹೆಜ್ಜೆ ಇಡಬೇಡಿ. ಫೀಸ್ 2025-26ಕ್ಕೆ ವರ್ಷಕ್ಕೆ 9,535 ಪೌಂಡ್‌ವರೆಗೆ ಇದೆ. ಈಗ ಬರುತ್ತಿರುವ ಸಂಬಳ ನಿಲ್ಲುತ್ತದೆ. ಅಪ್ರೆಂಟಿಸ್ ಆಗಿದ್ದಾಗ ಸಿಗದ ವಿದ್ಯಾರ್ಥಿ ಸಾಲಕ್ಕೆ ಆಗ ಅರ್ಜಿ ಹಾಕಬಹುದು. ಹೊಸ ನಿಯಮದಲ್ಲಿ ವರ್ಷಕ್ಕೆ 25,000 ಪೌಂಡ್ ಮೇಲಿನ ಸಂಪಾದನೆಯ 9% ಮರುಪಾವತಿ, ತೀರದಿದ್ದರೆ 40 ವರ್ಷದವರೆಗೆ. ಓದೇ ಅವಳಿಗೆ ಹೆಚ್ಚು ಇಷ್ಟ, ಕಾರ್ಖಾನೆ ಕೆಲಸದಲ್ಲಿ ಮನಸ್ಸೇ ಇಲ್ಲ ಅಂದರೆ ಈ ಖರ್ಚು ಸರಿಯಾದ ಖರ್ಚು. ಬರೀ ಸುಸ್ತಿನಿಂದ ಬಿಡುವುದಾದರೆ ನನಗೆ ಸಂಕಟ ಆಗುತ್ತದೆ. ಅರ್ಧಕ್ಕಿಂತ ಹೆಚ್ಚು ದಾರಿ ಅವಳು ನಡೆದು ಮುಗಿಸಿದ್ದಾಳೆ.

ಇದನ್ನು ಓದುವ ಬೇರೆ ಕನ್ನಡ ಮನೆಗಳಿಗಾಗಿ ಒಂದು ಮಾತು. ಊರಿನಿಂದ ನೇರವಾಗಿ ಮಕ್ಕಳನ್ನು ಇಲ್ಲಿನ ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೆ ಕಳಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಸಾಮಾನ್ಯವಾಗಿ ಶುರುವಾಗುವ ಮುಂಚಿನ ಮೂರು ವರ್ಷ ಇಲ್ಲೇ ವಾಸವಿರಬೇಕು, ಅದೂ ಓದಿಗಾಗಿ ಬಂದ ವೀಸಾದಲ್ಲಿ ಅಲ್ಲ. ಆದರೆ ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಮೂರು ವರ್ಷ ಇಲ್ಲಿದ್ದ ಮಕ್ಕಳಿಗೆ ಈ ದಾರಿ ತೆರೆದಿರುತ್ತದೆ. ವೀಸಾ ಕೋರ್ಸ್ ಮುಗಿಯುವವರೆಗೆ ಮುಂದುವರಿಯುತ್ತದಾ ಅನ್ನುವುದನ್ನು ಮಾತ್ರ ಕಂಪನಿ ನೋಡುತ್ತದೆ. ಇನ್ನೊಂದು ಸುದ್ದಿ ಹರಿದಾಡುತ್ತಿದೆ, 'ಸರ್ಕಾರ ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೆ ಹಣ ನಿಲ್ಲಿಸಿತು' ಅಂತ. 2026ರ ಜನವರಿಯಿಂದ ಹಣ ಕಡಿತ ಆಗಿರುವುದು ಲೆವೆಲ್ 7ಕ್ಕೆ, ಅಂದರೆ ಸ್ನಾತಕೋತ್ತರ ಮಟ್ಟಕ್ಕೆ. ಅಲ್ಲೂ ಶುರುವಾಗುವಾಗ 16ರಿಂದ 21 ವರ್ಷದವರಿಗೆ (21 ಸೇರಿ) ಸಿಗುತ್ತದೆ. ನಿಮ್ಮ ಮಗಳ ಲೆವೆಲ್ 6ಕ್ಕೆ ಅದರಿಂದ ಏನೂ ಆಗುವುದಿಲ್ಲ.

ಈಗ ನಿಮ್ಮ ಕೈಲಿ ಆಗುವುದು. ಅವಳು ಊಟ ಬಿಡುತ್ತಿದ್ದಾಳಾ, ಮಲಗಿದರೂ ನಿದ್ದೆ ಬರುತ್ತಿಲ್ಲವಾ, ಭಾನುವಾರ ಸಂಜೆ ಅಳುತ್ತಾಳಾ? ಇವುಗಳಲ್ಲಿ ಒಂದಾದರೂ ಇದ್ದರೆ ಮೇಲಿನ ಎಲ್ಲ ಲೆಕ್ಕ ಆಮೇಲೆ, ಮೊದಲು ಜಿಪಿ (ನಿಮ್ಮ ಕುಟುಂಬದ ಡಾಕ್ಟರ್) ಹತ್ತಿರ ಕರೆದುಕೊಂಡು ಹೋಗಿ. ಅವಳು ಯೂನಿವರ್ಸಿಟಿಯ ವಿದ್ಯಾರ್ಥಿಯೂ ಹೌದು. ಅಲ್ಲಿನ ಆಪ್ತ ಸಲಹೆ, ಗಣಿತದ ಸಹಾಯ ಕೇಂದ್ರ, ಅಸೈನ್‌ಮೆಂಟ್ ಗಡುವು ಮುಂದೂಡುವ ಅರ್ಜಿ ಎಲ್ಲವೂ ಅವಳಿಗೂ ಇವೆ. ವಾರಕ್ಕೊಂದೇ ದಿನ ಹೋಗುವ ಮಕ್ಕಳು ಇವೆಲ್ಲ ಬೇರೆಯವರಿಗೆ ಅಂದುಕೊಂಡು ಸುಮ್ನಾಗಿಬಿಡುತ್ತಾರೆ. ಕಂಪನಿ ಮಾತೇ ಕೇಳುತ್ತಿಲ್ಲ ಅಂದರೆ ಎಕಾಸ್ ಅನ್ನುವ ಸಂಸ್ಥೆ ಕೆಲಸದ ಹಕ್ಕಿನ ಬಗ್ಗೆ ಉಚಿತವಾಗಿ ಫೋನಿನಲ್ಲಿ ಸಲಹೆ ಕೊಡುತ್ತದೆ. ನೀವು ಮಾತ್ರ ನೇರವಾಗಿ ಮ್ಯಾನೇಜರ್‌ಗೆ ಫೋನ್ ಮಾಡಬೇಡಿ. ಅವಳು ಅಲ್ಲಿ ನೌಕರಳು, ಆ ಮಾತು ಅವಳ ಬಾಯಿಂದಲೇ ಬರಬೇಕು. ಬೇಕಾದರೆ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ನಿಮ್ಮ ಮುಂದೆ ಹೇಳಿ ಅಭ್ಯಾಸ ಮಾಡಲಿ. ನನ್ನ ಹತ್ತಿರ ಬಂದ ಒಬ್ಬಳು ಅವರಮ್ಮನ ಮುಂದೆ ಮೂರು ಸಲ ಹೇಳಿ ನೋಡಿಕೊಂಡು ಬಂದಿದ್ದಳು, ಕನ್ನಡದಲ್ಲೇ.

ಗುರುವಾರ ಕ್ಲಾಸಿನಿಂದ ಬಂದ ಸಂಜೆ ಒಂದು ಗಂಟೆ ಅವಳಿಗೆ ಮನೆಯ ಯಾವ ಕೆಲಸವನ್ನೂ ಹೇಳಬೇಡಿ. ಅವತ್ತಿನ ಪಾಠ ಅವತ್ತೇ ಇನ್ನೊಮ್ಮೆ ತಿರುವಿ, ಅರ್ಥವಾಗದ್ದರ ಪಟ್ಟಿ ಬರೆಯುವ ಹೊತ್ತು ಅದು. ಆರು ದಿನದ ಮರೆವಿಗೆ ನನಗೆ ಗೊತ್ತಿರುವ ಔಷಧ ಅದೊಂದೇ. ಆ ಪಟ್ಟಿಯಿಂದ ಎರಡು ಪ್ರಶ್ನೆ ಶುಕ್ರವಾರವೇ ಪಾಠ ಮಾಡುವವರಿಗೆ ಇಮೇಲ್ ಮಾಡಲಿ. ಗಂಟೆಯ ಲೆಕ್ಕವನ್ನು ಈ ಸೋಮವಾರದಿಂದಲೇ ಶುರು ಮಾಡಲಿ. ಮುಂದಿನ ರಿವ್ಯೂ ಯಾವಾಗ ಅಂತ ಕೋಚ್‌ಗೆ ಇವತ್ತೇ ಕೇಳಲಿ. ನಾಲ್ಕು ವಾರಕ್ಕಿಂತ ದೂರ ಇದ್ದರೆ ಕಾಯಬೇಕಾಗಿಲ್ಲ, ಬೇಗ ಇಡಿ ಅಂತ ಕೇಳಲು ಅವಳಿಗೆ ಅವಕಾಶ ಇದೆ. ಬಿಡುವ ಮಾತನ್ನು ಆ ರಿವ್ಯೂ ಮುಗಿದ ಮೇಲೆ, ಬರೆದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಅವಳು, ಅವರಪ್ಪ, ನೀವು ಮೂವರೂ ಕೂತು ಮಾತಾಡಿ.